ದ್ರಾಕ್ಷಿ ಶೆಡ್ಡಿಗೆ ಹೋದ ಗೋವಿನಜೋಳ

ಚೀಲದ ಬಾಯಿ ಬಿಚ್ಚಿ ಕೈ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಗೋವಿನಜೋಳದ ಚೀಲ ಒಳಗೊಳಗೇ ಬೆಚ್ಚಗಾಗಿದೆ ಎಂದರೆ ಅಲ್ಲಿ ಯಾರದೋ ಸಂಸಾರ ಶುರುವಾಗಿದೆ ಎಂದೇ ಅರ್ಥ. ಕೈ ಹೊರಗೆ ತೆಗೆದೆ. ಮೊಣಕೈವರೆಗೆ ಬಿಳಿ ಹಿಟ್ಟು, ಹಿಟ್ಟಿನ ಮೇಲೆ ಓಡಾಡುವ ಕಪ್ಪು ನುಸಿ. ಪಕ್ಕದ ಚೀಲ ಬಿಚ್ಚಿದೆ, ಅದರ ಪಕ್ಕದ್ದನ್ನೂ ಬಿಚ್ಚಿದೆ. ಎಲ್ಲದರಲ್ಲೂ ಅದೇ ಜಾತ್ರೆ.

ನುಸಿಗೆ ಬಯ್ದರೆ ಅದಕ್ಕೇನು ಕಿವಿ ಇದೆಯೇ? ಆದರೂ ಬಾಯಿ ತುಂಬ ಬಯ್ದೆ. ನನ್ನ ಬಾಯಿ ಇಡೀ ಊರಿಗೇ ಗೊತ್ತು. ಗೋದಾಮಿಗೆ ಅಂಟಿದ ಮನೆಯ ಸೊಸೆ ಗೋಡೆಯ ಆಚೆಯಿಂದ ಕೂಗಿ ಹೇಳಿದಳು, "ಅಕ್ಕಾರ, ಯಾರಿಗ್ರಿ ಅಷ್ಟ ಸಿಟ್ಟ? ಕೂಸು ಈಗಷ್ಟ ಮಲಗೈತಿ ನೋಡ್ರಿ."

ಶೇಡಬಾಳದ ಹತ್ತಿರದ ನಮ್ಮ ಊರಿನಲ್ಲಿ ಹೆಂಗಸರದೇ ಒಂದು ಹಾಲಿನ ಸಂಘವಿದೆ. ಹಾಲು ಹಾಕುವ ನಾವೆಲ್ಲ ಸೇರಿ ದನಗಳ ಹಿಂಡಿಯನ್ನು ನಾವೇ ಬೆರೆಸಿಕೊಳ್ಳಲು ಒಂದು ಹಿಂಡಿಮನೆ ಮಾಡಿಕೊಂಡಿದ್ದೇವೆ. ಅದರ ಉಸ್ತುವಾರಿ ನನ್ನದು. ಮೊದಲು ಹೊರಗಿನಿಂದ ತರುತ್ತಿದ್ದ ತಯಾರಿ ಚೀಲದಲ್ಲಿ ಒಂದು ಸಲ ಹಿಂಡಿ ಇದ್ದರೆ ಇನ್ನೊಂದು ಸಲ ಹೊಟ್ಟು, ಮಣ್ಣು. ನಮ್ಮ ಲೆಕ್ಕ ಸರಳ. ನೂರು ಕಿಲೋ ಬೆರೆಸಬೇಕೆಂದರೆ ಮೂವತ್ತೈದು ಕಿಲೋ ಗೋವಿನಜೋಳದ ನುಚ್ಚು, ಇಪ್ಪತ್ತು ಕಿಲೋ ಹತ್ತಿಬೀಜದ ಹಿಂಡಿ, ಹನ್ನೆರಡು ಕಿಲೋ ಶೇಂಗಾ ಹಿಂಡಿ, ಇಪ್ಪತ್ತು ಕಿಲೋ ಗೋಧಿ ಬೂಸಾ, ಬೇಳೆ ಒಡೆದಾಗ ಉಳಿಯುವ ತೊಗರಿ ಚುಣಿ ಹತ್ತು ಕಿಲೋ. ಉಳಿದದ್ದು ಖನಿಜ ಪುಡಿ ಮತ್ತು ಉಪ್ಪು. ಮಳೆಗಾಲದಲ್ಲಿ ಒಣಗಿದ ಕಾಳು ಸಿಗುವುದಿಲ್ಲವೆಂದು ದೀಪಾವಳಿವರೆಗಿನ ಗೋವಿನಜೋಳವನ್ನು ಬೇಸಿಗೆಯಲ್ಲೇ ತಂದು ಗೋದಾಮಿನಲ್ಲಿ ಒಟ್ಟಿದ್ದೆವು.

ಗೋದಾಮು ನಮ್ಮದಲ್ಲ. ಊರಿನ ಜೈನ ಮನೆತನದ ಹಿರಿಯರೊಬ್ಬರದು. ಎಲ್ಲರಿಗೂ ಅವರು ಕಾಕಾ. ಹಿಂದೆ ಅವರ ಶೇಂಗಾ ವ್ಯಾಪಾರ ನಡೆಯುತ್ತಿದ್ದ ಕಲ್ಲಿನ ಗೋದಾಮು ಅವರ ಮನೆಗೇ ಅಂಟಿಕೊಂಡಿದೆ, ನಡುವೆ ಒಂದೇ ಗೋಡೆ. ನಮ್ಮಿಂದ ಬಾಡಿಗೆ ತೆಗೆದುಕೊಳ್ಳಲಿಲ್ಲ. ಒಂದೇ ಕರಾರು ಹಾಕಿದ್ದರು.

"ನೋಡು ತಂಗಿ, ಈ ಸೂರಿನ ಕೆಳಗ ಆಗ್ಲಿ, ಇಲ್ಲಿಂದ ಒಯ್ದ ಕಾಳಿನ್ಯಾಗ ಆಗ್ಲಿ, ಗೊತ್ತಿದ್ದೂ ಒಂದ್ ಜೀವ ತಗೀಬಾರ್ದು. ಇಲಿಗೆ ಔಷಧ ಇಲ್ಲ, ನುಸಿಗೆ ಗುಳಿಗಿ ಇಲ್ಲ. ಆಗತೈತೇನ?"

"ಆತ್ರಿ ಕಾಕಾ" ಎಂದಿದ್ದೆ. ಬೇಸಿಗೆಯ ಮಾತು ಅದು. ಬೇಸಿಗೆಯಲ್ಲಿ ನುಸಿ ಯಾರಿಗೆ ನೆನಪಿರುತ್ತದೆ?

ಈಗ ಕಾಕಾನನ್ನು ಕರೆದು ಚೀಲ ತೋರಿಸಿದೆ. ಅವರು ಒಂದು ಹಿಡಿ ಕಾಳು ಎತ್ತಿ, ಅಂಗೈಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಹಸನ ಮಾಡೂಣು. ನಮ್ಮ ಮನಿ ಮಂದೀನೂ ಬರತಾರ" ಎಂದರು. ಸಂಘದ ಹೆಂಗಸರು ಜರಡಿ, ಮೊರ ಹಿಡಿದು ಬಂದರು. ನಾವು ಸಾಣಿಸಿದಂತೆಲ್ಲ ಕೆಳಗೆ ಬಿದ್ದ ನುಸಿಯನ್ನು ಕಾಕಾನ ಮನೆಯವರು ಒಂದಕ್ಕೂ ಪೆಟ್ಟಾಗದಂತೆ ಹಕ್ಕಿಗರಿಯಿಂದ ಡಬ್ಬಿಗೆ ತಳ್ಳಿ, ಗೋದಾಮಿನ ಹಿತ್ತಲಿನ ಬೇಲಿಯ ಕೆಳಗೆ ನೆರಳು ನೋಡಿ ಬಿಟ್ಟು ಬಂದರು. ಸಂಜೆ ಹೊತ್ತು ಮುಳುಗುವ ಮೊದಲು ಅವರ ಊಟ ಆಗಬೇಕು, ಆದರೂ ಕಾಕಾನ ಹೆಂಡತಿ ಕೊನೆಯ ಡಬ್ಬಿ ಬಿಟ್ಟು ಬರುವವರೆಗೆ ಎಲೆ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದೆ. ಹೋದೆಯಾ ಪುಟ್ಟ, ಬಂದೆಯಾ ಪುಟ್ಟ! ಹಿತ್ತಲಿನ ಕಡೆಯ ಬಾಗಿಲ ಸಂದಿಯಿಂದ ಸಾಲು ಹಿಡಿದು ಎಲ್ಲವೂ ವಾಪಸು ಬರುತ್ತಿದ್ದವು.

"ತವರಿಗೆ ಹೋಗಿ ಬಂದಂಗ ಬರಾಕತ್ತಾವ ನೋಡ್ರಿ ಕಾಕಾ" ಎಂದೆ. ಕಾಕಾ ನಗಲಿಲ್ಲ. "ಪಾಪ, ಹಸದಿರಬೇಕ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಬೇವಿನ ಎಲೆ ಹರಡಿದೆವು. ನುಸಿ ಅದರ ಮೇಲೇ ಹತ್ತಿ ಕುಳಿತಿತ್ತು. ಬಿಸಿಲು ಬಿದ್ದ ಒಂದು ದಿನ ಕೆಲವು ಚೀಲ ಹೊತ್ತು ಮಾಳಿಗೆಗೆ ಏರಿಸಿ ತಾಡಪತ್ರಿ ಹಾಸಿ ಸುರಿದೆವು. ಮಧ್ಯಾಹ್ನಕ್ಕೆ ಕೃಷ್ಣೆಯ ಕಡೆಯಿಂದ ಒಂದು ಜೋರು ಮಳೆ ಹಾದುಹೋಯಿತು. ಎಲ್ಲರೂ ಓಡಿ ಎಳೆದುಕೊಳ್ಳುವಷ್ಟರಲ್ಲಿ ಕಾಳು ತೊಯ್ದಿತ್ತು. ನಾಲ್ಕು ದಿನಕ್ಕೆ ಅದರ ಮೇಲೆ ಹಸಿರು ಬೂಷ್ಟು. ಹಾಲಿನ ದನಕ್ಕೆ ಬೂಷ್ಟು ಹಿಡಿದ ಕಾಳು ಹಾಕಿದರೆ ವಿಷ ಹಾಲಿಗೂ ಇಳಿಯುತ್ತದೆಂದು ದನದ ಡಾಕ್ಟರು ಹೇಳಿದ್ದು ನೆನಪಿತ್ತು. ಅಷ್ಟನ್ನೂ ತಿಪ್ಪೆಗೆ ಸುರಿಸಿದೆ. ಉಳಿದ ಚೀಲಗಳನ್ನು ನುಚ್ಚು ಹೊಡೆಸುವ ಧೈರ್ಯವೂ ಇಲ್ಲ, ಏಕೆಂದರೆ ಅಷ್ಟು ಜೀವ ಇದೆಯೆಂದು ಕಣ್ಣಾರೆ ಕಂಡು ಗಿರಣಿಗೆ ಹಾಕುವುದೂ ಕರಾರಿಗೆ ವಿರುದ್ಧ. ಗೋವಿನಜೋಳ ಬಿಟ್ಟು ಬರೀ ಹಿಂಡಿ, ಬೂಸಾ ಹಂಚತೊಡಗಿದೆವು.

ಅದರ ಪೆಟ್ಟು ಮೊದಲು ಬಿದ್ದದ್ದು ಸಂಘದ ಅತ್ಯಂತ ಹೊಸ ಸದಸ್ಯೆಯ ಮೇಲೆ. ಕರೋಶಿಯಿಂದ ಲಗ್ನವಾಗಿ ಬಂದ ಹುಡುಗಿ. ತವರಿನವರು ಕೊಟ್ಟ ಒಂದು ಜರ್ಸಿ ಆಕಳು ಆಗಷ್ಟೇ ಈದಿತ್ತು. ಮೊದಮೊದಲು ಕೊಡ ತುಂಬ ಹಾಲು. ಆಮೇಲೆ ದಿನದಿನಕ್ಕೆ ಇಳಿಯುತ್ತ ಬಂತು, ಪಕ್ಕೆಲುಬು ಕಾಣತೊಡಗಿದವು. ಆಕೆ ಹಿಂಡಿಯನ್ನು ಎರಡು ಪಾಲು ಹೆಚ್ಚು ಹಾಕಿದಳು. ಆಕಳು ಬಾಯಿ ಹಾಕಿ ಬಿಟ್ಟುಬಿಡುತ್ತಿತ್ತು.

ಡಾಕ್ಟರು ಬಂದು ಆಕಳ ಮೂತಿಯ ಹತ್ತಿರ ಮೂಗು ಒಯ್ದು ಉಸಿರು ಮೂಸಿ ನೋಡಿದರು. "ಬರ್ರಿ, ನೀವೂ ನೋಡ್ರಿ" ಎಂದು ನನ್ನನ್ನು ಕರೆದರು. ಮಾಗಿ ಕೊಳೆಯುವ ಹಣ್ಣಿನಂಥ ಸಿಹಿ ನಾತ.

"ಇದು ತನ್ನ ಮೈಯಾನ ಕೊಬ್ಬ ತಾನ ತಿಂದು ಹಾಲ ಕೊಡಾಕತ್ತೈತಿ" ಎಂದರು ಡಾಕ್ಟರು. "ಹಿಂಡಿ ಅಂದ್ರ ಪ್ರೋಟೀನು, ಗೋವಿನಜ್ವಾಳ ಅಂದ್ರ ಶಕ್ತಿ. ಶಕ್ತಿ ಇಲ್ದ ಬರೇ ಪ್ರೋಟೀನು ಹಾಕಿದ್ರ ಅದು ಹಾಲಿಗೆ ಹೋಗಂಗಿಲ್ಲ, ಉಚ್ಚ್ಯಾಗ ಹೋಗತೈತಿ. ಒಲ್ಯಾಗ ಉರಿ ಇಲ್ದ ಎಷ್ಟ ಬ್ಯಾಳಿ ಸುರುವಿದ್ರೂ ಬೇಯತೈತೇನ್ರಿ?"

ಗ್ಲೂಕೋಸ್ ಸಲೈನು ಏರಿಸಿದರು. ಗೋವಿನಜೋಳ ಬರುವವರೆಗೆ ಜೋಳದ ನುಚ್ಚು, ಮತ್ತು ಕಳಪೆ ಒಣದ್ರಾಕ್ಷಿ ಸಿಕ್ಕರೆ ದಿನಕ್ಕೆ ಒಂದೆರಡು ಹಿಡಿ ಮಾತ್ರ ಹಾಕಲು ಹೇಳಿದರು. ಸಕ್ಕರೆ ಅಂಶ ಹೆಚ್ಚು, ಒಮ್ಮೆಗೇ ಹಾಕಿದರೆ ಹೊಟ್ಟೆ ಹುಳಿಯಾಗಿ ದನ ನೆಲ ಹಿಡಿಯುತ್ತದಂತೆ. ಅವರು ಹೋದಮೇಲೆ ಹುಡುಗಿ ಗೋದಲಿಯ ಹತ್ತಿರವೇ ಕುಳಿತಳು.

"ಎರಡ ವಾರ ಬಿಟ್ಟ ಬರೂ ಸಂತಿಗೆ ಹೊಡಕೊಂಡ ಹೋಗಿ ಮಾರೂದಂತ್ರಿ ಅಕ್ಕಾರ. ನಮ್ಮತ್ತಿ ಅಂದಾಳ, ನಿನ್ನ ಆಕಳಾ ತಿನ್ನೂದ ಭಾಳ, ಹಿಂಡೂದ ಕಡಿಮಿ ಅಂತ. ಈ ಮನ್ಯಾಗ ನಂದು ಅನ್ನೂದು ಇದೊಂದ ಐತ್ರಿ."

ಸಂಘಕ್ಕೆ ಸೇರು, ನಿನ್ನ ಆಕಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಆ ಅತ್ತೆಯ ಎದುರಿಗೇ ಎದೆ ತಟ್ಟಿ ಹೇಳಿದವಳು ನಾನು. ಸೀದಾ ಔಷಧದ ಅಂಗಡಿಗೆ ಹೋಗಿ ನುಸಿಯ ಗುಳಿಗೆಯ ಡಬ್ಬಿ ತಂದೆ. ಚೀಲಗಳ ಥಪ್ಪಿಯ ಮೇಲೆ ತಾಡಪತ್ರಿ ಮುಚ್ಚಿ ಕೆಳಗೆ ಗುಳಿಗೆ ಇಟ್ಟರೆ ಗಾಳಿಯ ತೇವಕ್ಕೆ ಅದೇ ಹೊಗೆ ಬಿಡುತ್ತದೆ, ನಾಲ್ಕಾರು ದಿನದಲ್ಲಿ ಒಂದು ನುಸಿಯೂ ಇರುವುದಿಲ್ಲ ಎಂದು ಅಂಗಡಿಯವನು ಹೇಳಿದ.

ಅದೇ ವಾರ ಕಾಕಾ ಮತ್ತು ಅವರ ಹೆಂಡತಿ ಮುನಿಗಳು ಚಾತುರ್ಮಾಸಕ್ಕೆ ಕುಳಿತಿದ್ದ ಊರಿಗೆ ಹೊರಟರು. ಮನೆಯಲ್ಲಿ ಉಳಿದವರು ಬಾಣಂತಿ ಸೊಸೆ, ಕೂಸು, ಮತ್ತು ಆಕೆಯ ತಾಯಿ. ಗಾಡಿ ಹತ್ತುವ ಮುಂಚೆ ಕಾಕಾ ಹೇಳಿದರು, "ತಂಗಿ, ಕೀಲಿ ನಿನ್ನ ಕಡೆ ಐತಿ. ನೀ ಕರೀದ ನಾ ಎಂದೂ ಒಳಗ ಬಂದ ನೋಡಿಲ್ಲ, ಮುಂದೂ ನೋಡಂಗಿಲ್ಲ."

ನೋಡುತ್ತೇನೆ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳ ತೆಗೆಯಬಹುದಿತ್ತು. ಹೀಗೆ ಅಂದುಬಿಟ್ಟರೆ ಮನುಷ್ಯರು ಏನು ಮಾಡಬೇಕು?

ಮರುದಿನ ಮಧ್ಯಾಹ್ನ ಗೋದಾಮಿಗೆ ಹೋಗಿ ಒಬ್ಬಳೇ ಥಪ್ಪಿಗೆ ತಾಡಪತ್ರಿ ಎಳೆದೆ. ಅಂಚಿಗೆ ಮರಳಿನ ಚೀಲ ಇಟ್ಟೆ. ಡಬ್ಬಿ ಕೈಯಲ್ಲಿ ಹಿಡಿದು ನಿಂತೆ. ಗೋಡೆಯ ಮೇಲ್ಭಾಗದ ಬೆಳಕಿಂಡಿಯಿಂದ ಆಚೆಯ ಕೋಣೆಯ ಕೂಸು ಅಳುವುದು, ಅಜ್ಜಿ ಜೋಗುಳ ಹಾಡುವುದು ಕೇಳುತ್ತಿತ್ತು. ಯಾರೂ ನೋಡುವವರಿಲ್ಲ. ಅವರು ಬರುವಷ್ಟರಲ್ಲಿ ತಾಡಪತ್ರಿ ತೆಗೆದು, ಕಾಳು ಸಾಣಿಸಿ, ಕಸ ಗುಡಿಸಿ ಮುಗಿಸಿದರೆ ಆಯಿತು. ಒಂದು ಕಡೆ ಆ ಹುಡುಗಿಯ ಆಕಳು. ಇನ್ನೊಂದು ಕಡೆ? ನುಸಿ! ಯಾರಾದರೂ ಕೇಳಿದರೆ ನಕ್ಕಾರು.

ಆದರೂ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ಪಾಪಪುಣ್ಯದ ವಿಚಾರ ನನಗೆ ಅಷ್ಟಕ್ಕಷ್ಟೇ, ಸುಳ್ಳೇಕೆ ಹೇಳಲಿ. "ಆತ್ರಿ ಕಾಕಾ" ಎಂದದ್ದು ಈ ನನ್ನ ಬಾಯಿಯೇ ಆಗಿತ್ತು. ಇವಳ ಬಾಯಿ ದೊಡ್ಡದು ಎಂದು ಊರು ಆಡಿಕೊಳ್ಳುತ್ತದೆ. ಅಂಥ ಬಾಯಿಂದ ಹೊರಟ ಮಾತು, ನೋಡುವವರಿಲ್ಲವೆಂದು ಸಣ್ಣದಾಗಬೇಕೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನನ್ನವ್ವ ನನಗೇ ಹೇಳುತ್ತಿದ್ದಳು. ಕಾಕಾನಿಗೂ ನುಸಿಗೂ ಅಂಗಡಿಯವನಿಗೂ ಒಟ್ಟಿಗೇ ಬಯ್ದು, ಡಬ್ಬಿಯನ್ನು ಕೈಚೀಲಕ್ಕೆ ಹಾಕಿ, ತಾಡಪತ್ರಿ ಕಿತ್ತೆಸೆದು ಬಾಗಿಲಿಗೆ ಕೀಲಿ ಹಾಕಿದೆ.

ಸಿಟ್ಟು ಇಳಿದಿರಲಿಲ್ಲ. ಮಾರನೆಯ ದಿನ ಅದೇ ಸಿಟ್ಟಿನಲ್ಲೇ ಕಳಪೆ ಒಣದ್ರಾಕ್ಷಿ ತರಲು ಹೋದೆ. ಅಥಣಿ ರಸ್ತೆಯಲ್ಲಿ ನಮ್ಮ ಸಂಘದ ಇನ್ನೊಬ್ಬ ಸದಸ್ಯೆಯ ದ್ರಾಕ್ಷಿ ತೋಟವಿದೆ. ಅವಳನ್ನು ನಾವು ವೈನಿ ಎನ್ನುತ್ತೇವೆ. ತೋಟದ ಮಗ್ಗುಲಲ್ಲೇ ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ಡು. ಮೇಲೆ ತಗಡು, ಒಳಗೆ ಒಂದರ ಮೇಲೊಂದರಂತೆ ಬಲೆಯ ಅಂತಸ್ತುಗಳ ರ‍್ಯಾಕು. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಳೆಗಾಲದಲ್ಲಿ ನಾಯಿ ಮಲಗಿರುತ್ತದೆ. ವೈನಿ ಮೂಲೆಯಲ್ಲಿ ಚೀಲ ತುಂಬುತ್ತಿದ್ದಳು. ನಾನು ನನ್ನ ಗೋಳು ಹೇಳುತ್ತ ಹೇಳುತ್ತ ಸಿಟ್ಟಿಗೆ ರ‍್ಯಾಕಿನ ಕಂಬವನ್ನು ಒಮ್ಮೆ ಜೋರಾಗಿ ನೂಕಿದೆ. ಮೇಲಿನ ಬಲೆಯಲ್ಲಿ ಸಿಕ್ಕಿ ಉಳಿದಿದ್ದ ಒಣಕಲು ದ್ರಾಕ್ಷಿ, ಅಂದರೆ ಮಣೂಕ, ಪಟಪಟನೆ ನನ್ನ ತಲೆಯ ಮೇಲೆ ಬಿದ್ದವು.

ವೈನಿ ನಕ್ಕಳು. "ಹಂಗ ಅಲ್ಲಾಡಿಸೇ ನಾವು ಮಣೂಕ ಉದುರಸೂದು. ನಿಮ್ಮ ತಲೀನೂ ಯಾರರ ಹಿಂಗ ಅಲ್ಲಾಡಸಬೇಕ್ರಿ, ಏನರ ಉದುರೀತು!"

ಉದುರಿಯೇ ಬಿಟ್ಟಿತು. ಬಲೆಯ ತೂತು ನೋಡಿದೆ. ಗೋವಿನಜೋಳದ ಕಾಳು ಅದರಲ್ಲಿ ಇಳಿಯುವುದಿಲ್ಲ. ನುಸಿ ಇಳಿಯುತ್ತದೆ. ಮೇಲೆ ತಗಡಿದೆ, ಮಳೆಯ ಭಯವಿಲ್ಲ. ಪಡುವಣ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಡುತ್ತಿದೆ.

"ವೈನಿ, ನಿಮ್ಮ ಶೆಡ್ ನನಗ ಕೊಡ್ರಿ" ಎಂದೆ.

ವಿಷಯ ಕೇಳಿ ವೈನಿಯ ನಗು ನಿಂತಿತು. "ಅಯ್ಯ, ಬ್ಯಾಡ್ರಿ ಅಕ್ಕಾರ. ನಾಳೆ ನನ್ನ ಮಣೂಕಕ್ಕ ನುಸಿ ಹತ್ತಿದ್ರ ವರ್ಷದ ಬೆಳಿ ಹೋಗತೈತಿ." ಅವಳ ಭಯ ತಪ್ಪಲ್ಲ. ಕೆಳಗೆ ತಾಡಪತ್ರಿ ಹಾಸಿ ಒಂದು ನುಸಿಯನ್ನೂ ಉಳಿಸುವುದಿಲ್ಲ, ಸೀಜನ್ನಿಗೆ ಮೊದಲು ಸಂಘದವರೆಲ್ಲ ಬಂದು ಬಲೆ, ಕಂಬ ತೊಳೆದುಕೊಡುತ್ತೇವೆ ಎಂದೆ. ಅವಳು ಒಮ್ಮೆ ರ‍್ಯಾಕು ಅಲ್ಲಾಡಿಸಿ ನೋಡಿದಳು. ಆಮೇಲೆ, "ಕರೋಶಿ ಹುಡಿಗಿ ಆಕಳಾನೂ ಬರೋಬರಿ ಇಲ್ಲಂತ ಹೌದಿಲ್ರಿ? ತರ್ರಿ ಹಂಗಾದ್ರ. ತೊಳ್ಯಾಕ ಮಾತ್ರ ನೀವ ಮುಂದ ಇರಬೇಕ" ಎಂದಳು. ಆ ಹೊತ್ತಿನಲ್ಲಿ ಅವಳ ಕಾಲು ಮುಟ್ಟಬೇಕೆನಿಸಿತು. ನನಗಿಂತ ಸಣ್ಣವಳು, ಬೈದಾಳೆಂದು ಕೈ ಹಿಡಿದುಕೊಂಡೆ.

ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಚೀಲಗಳು ಹೋದವು. ಮೊದಲನೆಯ ದಿನ ಕಾಳು ದಪ್ಪಗೆ ಸುರಿದು, ದ್ರಾಕ್ಷಿ ಉದುರಿಸುವ ಜೋರಿನಲ್ಲೇ ರ‍್ಯಾಕು ಅಲ್ಲಾಡಿಸಿದೆವು. ಗೋವಿನಜೋಳವೇ ಹಾರಿ ಕೆಳಗೆ ಬಿತ್ತು, ನುಸಿ ಮೇಲೆ ಉಳಿಯಿತು! ಎಲ್ಲರೂ ನಕ್ಕು ಸುಸ್ತಾದರು, ನನಗೆ ಮಾತ್ರ ಸಂತೆಯ ದಿನ ಕಣ್ಣೆದುರು ಬರುತ್ತಿತ್ತು. ಕಾಳನ್ನು ತೆಗೆದು ಮತ್ತೆ ಎರಡು ಬೆರಳಿನಷ್ಟೇ ತೆಳ್ಳಗೆ ಹರಡಿದೆವು. ಗಾಳಿ ಬರುವ ಕಡೆಯ ಪರದೆ ಸುತ್ತಿ ಮೇಲೆ ಕಟ್ಟಿದೆವು. ಈ ಸಲ ಕಂಬ ಹಿಡಿದು ಸಣ್ಣಗೆ, ತೊಟ್ಟಿಲು ತೂಗುವಷ್ಟೇ ಅಲ್ಲಾಡಿಸಿದೆವು. ನುಸಿಗೆ ಒಂದು ಚಾಳಿಯಿದೆ. ಅದರ ಜಾಗ ಅಲ್ಲಾಡಿದರೆ ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಬಿಡುತ್ತದೆ. ಆ ನಾಟಕವೇ ನಮಗೆ ಅನುಕೂಲವಾಯಿತು. ಕಾಲು ಮಡಚಿದ ನುಸಿ ಎಳ್ಳಿನಂತೆ ಉರುಳಿ ಒಂದೊಂದೇ ಅಂತಸ್ತಿನ ತೂತು ದಾಟಿ ತಾಡಪತ್ರಿಗೆ ಬಂದು ಬಿತ್ತು. ಜೊತೆಗೆ ಹಿಟ್ಟು, ಒಡೆದ ಕಾಳು. ತಾಡಪತ್ರಿಯ ನಾಲ್ಕು ಮೂಲೆ ಎತ್ತಿ ಎಲ್ಲವನ್ನೂ ಡಬ್ಬಕ್ಕೆ ಸುರಿಯುತ್ತಿದ್ದೆವು.

ಕಾಕಾ ಊರಿಗೆ ಬಂದವರು ಯಾರಿಂದಲೋ ಸುದ್ದಿ ಕೇಳಿ ಸೀದಾ ಶೆಡ್ಡಿಗೆ ಬಂದರು. ಡಬ್ಬದೊಳಗೆ ಬಗ್ಗಿ ನೋಡಿದರು.

"ಇವನ್ನ ಎಲ್ಲಿ ಬಿಡೂದ್ರಿ ಕಾಕಾ? ಹಿತ್ತಲದಾಗ ಬಿಟ್ರ ಮತ್ತ ಮನಿಗೆ ಬರತಾವ" ಎಂದೆ.

"ಹಸದಾಂವ ತಿರಿಗಿ ಬರತಾನ, ಉಂಡಾಂವ ಯಾಕ ಬರತಾನ? ಆವಾಗ ಬರಿಗೈಲೆ ಬಿಟ್ಟದ್ದ ನಮ್ಮ ತಪ್ಪ. ನಮ್ಮಾಯಿ ನುಸಿ ಕಾಳಿಗಂತನ ಒಂದ ಗಡಿಗಿ ಇಟ್ಟಿದ್ದಳು. ಅದನ್ನ ಯಾರೂ ಮುಟ್ತಿದ್ದಿಲ್ಲ."

ಹೊಲದ ತುದಿಯ ಪಾಳು ಗುಡಿಸಲಿಗೆ ಅವರೇ ದೊಡ್ಡ ಗಡಿಗೆಗಳನ್ನು ಸಾಗಿಸಿದರು. ಒಡೆದ ಕಾಳು, ಹಿಟ್ಟಿನ ಸಮೇತ ನುಸಿಯನ್ನು ಅಲ್ಲಿ ಸುರಿದು, ಮೇಲೆ ತಮ್ಮ ಮನೆಯ ಜೋಳ ಒಂದಿಷ್ಟು ಹಾಕಿದರು. ಒಂದೂ ಹಿಂದಿರುಗಿ ಬರಲಿಲ್ಲ.

ಕಾಳು ಒಣಗಿತೇ ಎಂದು ನೋಡಲು ಡಾಕ್ಟರು ಕಲಿಸಿದ ಉಪಾಯವಿತ್ತು. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದಿಷ್ಟು ಒಣ ಉಪ್ಪಿನ ಪುಡಿ ಹಾಕಿ ಕುಲುಕಬೇಕು. ಸ್ವಲ್ಪ ಹೊತ್ತು ಬಿಟ್ಟರೆ, ತೇವವಿದ್ದರೆ ಉಪ್ಪು ಗಾಜಿಗೆ ಅಂಟುತ್ತದೆ. ಮೊದಲೆರಡು ಸಲ ಅಂಟಿತು. ಮೂರನೆಯ ಸಲ ಉಪ್ಪು ಮರಳಿನಂತೆ ಜಾರಿ ತಳಕ್ಕೆ ಇಳಿಯಿತು. ಬಾಟಲಿಯನ್ನು ಎಲ್ಲರಿಗೂ ತೋರಿಸುತ್ತ ಶೆಡ್ಡು ತುಂಬ ಓಡಾಡಿದೆ. ಕಾಳಿನೊಳಗೆ ಇನ್ನೂ ಮರಿ ಇದ್ದಾವಲ್ಲ ಎಂದು ಕಾಕಾನನ್ನು ಕೇಳಿದ್ದಕ್ಕೆ, "ಕಾಣದ್ದು ನನ್ನ ಕೈಯಾಗಿಲ್ಲ. ಕಂಡದ್ದು ಐತಿ" ಎಂದರು. ಕಾಳನ್ನು ಗೋದಾಮಿಗೆ ಮರಳಿ ಒಯ್ಯದೆ ಅಲ್ಲೇ ಇಟ್ಟು, ಆಗಾಗ ರ‍್ಯಾಕು ತೂಗುತ್ತ, ಬೇಕಾದಷ್ಟನ್ನೇ ನುಚ್ಚು ಹೊಡೆಸಿದೆವು.

ಮೊದಲ ಬೆರಕೆಯ ಬುಟ್ಟಿ ಕರೋಶಿ ಹುಡುಗಿಯ ಮನೆಗೆ ಹೋಯಿತು. ಆಕಳು ಒಮ್ಮೆಗೇ ಎದ್ದು ಕುಣಿಯಲಿಲ್ಲ. ಮೊದಲು ಮೂಸಿತು, ಆಮೇಲೆ ನೆಕ್ಕಿತು. ಎರಡು ದಿನದ ನಂತರ ಬುಟ್ಟಿ ಖಾಲಿ ಮಾಡಿತು. ಸಂತೆಯ ದಿನ ಅತ್ತೆ ಹಗ್ಗ ಬಿಚ್ಚಲಿಲ್ಲ, ಇನ್ನೊಂದು ವಾರ ನೋಡೋಣ ಎಂದಳಂತೆ. ಆ ವಾರದಲ್ಲಿ ಉಸಿರಿನ ಸಿಹಿ ನಾತ ಹೋಗಿ, ಹಾಲು ಏರತೊಡಗಿತು. ಅಲ್ಲಿಯವರೆಗೆ "ನಿನ್ನ ಆಕಳಾ" ಎನ್ನುತ್ತಿದ್ದ ಅತ್ತೆ ಹಾಲಿನ ಕೇಂದ್ರದ ಸಾಲಿನಲ್ಲಿ "ನಮ್ಮ ಆಕಳಾ" ಎಂದದ್ದನ್ನು ಕೇಳಿ ನಾನು ಆ ಹುಡುಗಿಯ ಕಡೆ ನೋಡಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

ಡಾಕ್ಟರು ಆಕಳನ್ನು ನೋಡಲು ಮತ್ತೆ ಬಂದಾಗ ಇಡೀ ಕತೆ ಹೇಳಿದೆ. ಬಳಸದ ಗುಳಿಗೆಯ ಡಬ್ಬಿ ಕೈಚೀಲದಲ್ಲೇ ಇತ್ತು. ಇದನ್ನು ಅಂಗಡಿಗೆ ವಾಪಸು ಕೊಡಬೇಕು ನೋಡಿ ಎಂದು ತೆಗೆದು ತೋರಿಸಿದೆ. ಅವರು ಡಬ್ಬಿಯ ಹೆಸರು ಓದಿ ನನ್ನ ಕೈಯಿಂದ ಕಸಿದೇ ತೆಗೆದುಕೊಂಡರು.

"ಇದನ್ನ ಆ ಗೋದಾಮದಾಗ ಇಡಾಕ ಹೋಗಿದ್ರೇನ್ರಿ? ಮನಿಗೆ ಹತ್ತಿದ ಗೋದಾಮದಾಗ? ಇದರ ಹೊಗಿ ಬರೇ ನುಸಿ ಕೊಂದು ಸುಮ್ನಾಗಂಗಿಲ್ರಿ. ಗ್ವಾಡಿ ಸಂದ್ಯಾಗ ಹಾಯ್ದು ಆಚೆ ಕಡೆ ಮಲಗಿದ ಮಂದಿ ಎದ್ದಿಲ್ಲ, ಅಂಥಾವು ಕೇಳೀನಿ. ಆ ಗ್ವಾಡಿ ಆಚೆ ಕಡೆ ಯಾರ ಇರತಾರು?"

ಕಣ್ಣೆದುರು ಬಂದದ್ದು ಆ ಬೆಳಕಿಂಡಿ, ಅದರಾಚೆ ಅಳುತ್ತಿದ್ದ ಕೂಸು.

ಅಲ್ಲಿಂದ ಕಾಕಾನ ಮನೆಗೆ ಹೇಗೆ ನಡೆದೆನೋ ತಿಳಿಯದು. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು, "ಬಾ ತಂಗಿ. ಅಷ್ಟ ಜೀವ ಉಳಿಸಿದಿ, ನಿನ್ನ ಪುಣ್ಯಾ ದೊಡ್ಡದ ನೋಡು" ಎಂದರು.

ಕಟ್ಟೆಯ ಅಂಚಿಗೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ತಾಡಪತ್ರಿ, ಡಬ್ಬಿ, ಡಾಕ್ಟರು ಹೇಳಿದ ಮಾತು. ಹೇಳುತ್ತ ಅಳು ಬಂತು. "ಪುಣ್ಯಾ ನಂದಲ್ರಿ ಕಾಕಾ. ನಿಮ್ಮ ಕರಾರಿಂದು. ನುಸಿ ಸಲುವಾಗಿ ನೀವು ಆ ಮಾತ ತಗೊಳ್ಳದಿದ್ರ, ನಾ ಇವತ್ತ ಈ ಕಟ್ಟಿ ಹತ್ತಾಕ ಆಗತಿದ್ದಿಲ್ರಿ."

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಒಳಗೆ ಮುಖ ಮಾಡಿ ಸೊಸೆಯನ್ನು ಕೂಗಿದರು.

"ಕೂಸಿನ್ನ ತಾ ಬೇ. ತಂಗಿ ಕೈಯಾಗ ಕೊಡು."

ಸೊಸೆಗೆ ಏನೂ ಗೊತ್ತಿಲ್ಲ. ನಗುತ್ತ ಬಂದು ಕೊಟ್ಟಳು. "ಇವತ್ತ ಯಾರಿಗೂ ಬೈಯಾಕತ್ತಿಲ್ಲೇನ್ರಿ ಅಕ್ಕಾರ?" ಎಂದಳು. ಕೂಸು ಬೆಚ್ಚಗಿತ್ತು. ಅದರ ಕೈ ನನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಗೋದಾಮಿನ ಕೀಲಿಗೆ ತಾಗಿ ಅದನ್ನೇ ಬಿಗಿಯಾಗಿ ಹಿಡಿದುಕೊಂಡಿತು. ನಾನು ಬಿಡಿಸಲಿಲ್ಲ.